ಆರ್ಬಿಟ್ರೇಷನ್‌ನಲ್ಲಿ ಗೆದ್ದ ನೌಕರ ಹಣ ವಸೂಲಿ ಮಾಡುವುದು ಹೇಗೆ?

ಸಂಬಳದ ಬಾಕಿ, ತಡೆಹಿಡಿದ ಬೋನಸ್, ನೋಟಿಸ್ ಅವಧಿಯ ವೇತನ ಮುಂತಾದ ವಿವಾದಗಳಲ್ಲಿ ಆರ್ಬಿಟ್ರೇಟರ್ (ನ್ಯಾಯಾಲಯದ ಹೊರಗೆ ವಿವಾದ ತೀರ್ಮಾನಿಸುವ ಮಧ್ಯಸ್ಥಗಾರ) ನೌಕರನ ಪರ ಐತೀರ್ಪು ನೀಡಿದರೂ ಕಂಪನಿ ತಾನಾಗಿ ಹಣ ಕಟ್ಟದೆ ಸುಮ್ಮನಿರುವುದುಂಟು. ಆಗ ಐತೀರ್ಪನ್ನು ಜಾರಿಗೊಳಿಸುವಂತೆ ನ್ಯಾಯಾಲಯಕ್ಕೆ ಅಮಲ್ಜಾರಿ ಅರ್ಜಿ ಹಾಕಬೇಕಾಗುತ್ತದೆ. ಅದಕ್ಕೆ 12 ವರ್ಷ ಕಾಲಾವಕಾಶವಿದೆ ಎಂಬ ಮಾತನ್ನು ನಂಬಿ ಕಡತವನ್ನು ಬೀರುವಿನಲ್ಲಿ ಇಟ್ಟುಬಿಡುವವರಿಗೆ ಆಗುವ ನಷ್ಟ ದೊಡ್ಡದು.

ಐತೀರ್ಪು ಯಾವ ಕಾನೂನಿನಡಿ ಬಂದಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಕಾರ್ಮಿಕ ಕಾನೂನಿನಲ್ಲಿರುವ ‘ಕಾರ್ಮಿಕ’ ಎಂಬ ವ್ಯಾಖ್ಯೆಗೆ ಒಳಪಡುವವರಿಗೆ ಕೈಗಾರಿಕಾ ನ್ಯಾಯಮಂಡಳಿ ಅಥವಾ ಕಾರ್ಮಿಕ ನ್ಯಾಯಾಲಯ ನೀಡಿದ ಐತೀರ್ಪಿನ ದಾರಿಯೇ ಬೇರೆ. ಅವರು ಹಣ ಬಾಕಿಯಾದ ದಿನದಿಂದ 1 ವರ್ಷದೊಳಗೆ ಸರ್ಕಾರಕ್ಕೆ ಅರ್ಜಿ ಸಲ್ಲಿಸಿದರೆ, ಬಾಕಿಯನ್ನು ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬಹುದು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿದ್ದ ಈ ಗಡುವನ್ನು 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಉಳಿಸಿಕೊಂಡಿದೆ. ತಡವಾದುದಕ್ಕೆ ಸಕಾರಣ ತೋರಿಸಿದರೆ ವಿನಾಯಿತಿಗೂ ಅವಕಾಶವಿದೆ. ನೇಮಕಾತಿ ಪತ್ರದಲ್ಲಿ ಯಾವ ಹುದ್ದೆಯ ಹೆಸರಿದೆ ಎನ್ನುವುದಕ್ಕಿಂತ ನಿಜವಾಗಿ ಮಾಡುತ್ತಿದ್ದ ಕೆಲಸ ಯಾವುದು ಎನ್ನುವುದೇ ಇಲ್ಲಿ ಮುಖ್ಯ.

ಮ್ಯಾನೇಜರ್ ಮಟ್ಟದ ನೌಕರರು ಸಾಮಾನ್ಯವಾಗಿ ನೇಮಕಾತಿ ಕರಾರಿನ ಷರತ್ತಿನಂತೆ 1996ರ ಆರ್ಬಿಟ್ರೇಷನ್ ಕಾಯ್ದೆಯಡಿ ಬರುತ್ತಾರೆ. ಇವರ ಕಾಲಮಿತಿಯ ಲೆಕ್ಕ ಆರಂಭವಾಗುವುದು ಐತೀರ್ಪಿನ ಸಹಿ ಮಾಡಿದ ಪ್ರತಿ ಕಂಪನಿಯ ಕೈಸೇರಿದ ದಿನದಿಂದ. ಐತೀರ್ಪಿನ ಮೇಲೆ ಜನವರಿ 10 ಎಂದಿದ್ದು, ಪ್ರತಿ ಜನವರಿ 25ರಂದು ತಲುಪಿದ್ದರೆ, ಅದನ್ನು ಪ್ರಶ್ನಿಸಲು ಕಂಪನಿಗೆ ಏಪ್ರಿಲ್ 25ರವರೆಗೆ, ಅಂದರೆ 3 ತಿಂಗಳು ಸಮಯವಿರುತ್ತದೆ. ಸಕಾರಣವಿದ್ದರೆ ನ್ಯಾಯಾಲಯ ಇನ್ನು 30 ದಿನ ಮನ್ನಿಸಬಹುದು, ಅದರಾಚೆ ಒಂದು ದಿನವೂ ಇಲ್ಲ. ಆದ್ದರಿಂದ ಪ್ರತಿ ತಲುಪಿದ ಬಗೆಗಿನ ಅಂಚೆ ರಸೀದಿ, ಸ್ವೀಕೃತಿ ಪತ್ರ, ಇಮೇಲ್ ಯಾವುದನ್ನೂ ಎಸೆಯಬೇಡಿ.

3 ತಿಂಗಳು ಮುಗಿದ ಕೂಡಲೇ ಐತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ (ಜಾರಿಗೊಳಿಸಬಹುದಾದ ಅಂತಿಮ ಆದೇಶದ) ಬಲ ಬರುತ್ತದೆ. ಕಂಪನಿ ಅದನ್ನು ಪ್ರಶ್ನಿಸಿದ್ದರೂ ಕಾಯುತ್ತ ಕೂರಬೇಕಿಲ್ಲ. 2015ರ ತಿದ್ದುಪಡಿಯ ನಂತರ ಬರೀ ಅರ್ಜಿ ಹಾಕಿದ ಮಾತ್ರಕ್ಕೆ ತಡೆ ಸಿಗುವುದಿಲ್ಲ, ಕಂಪನಿ ಪ್ರತ್ಯೇಕವಾಗಿ ಕೇಳಿ ತಡೆಯಾಜ್ಞೆ ಪಡೆಯಬೇಕು.

ಇನ್ನು 12 ವರ್ಷದ ಮಾತು. 1963ರ ಕಾಲಮಿತಿ ಕಾಯ್ದೆಯ 136ನೇ ವಿಧಿ ಅಷ್ಟು ಅವಧಿ ಕೊಡುತ್ತದೆ ಎಂಬುದು ನಿಜ. ಆದರೆ ಅದೇ ಕಾಯ್ದೆಯ 5ನೇ ಸೆಕ್ಷನ್‌ನ ವಿಳಂಬ ಮನ್ನಾ ಸೌಲಭ್ಯ ಅಮಲ್ಜಾರಿ ಅರ್ಜಿಗೆ ಅನ್ವಯಿಸುವುದಿಲ್ಲ, ಗಡುವು ದಾಟಿದರೆ ಕಾಯಿಲೆ, ಬಡತನ, ವಕೀಲರ ಅಲಕ್ಷ್ಯ ಯಾವುದನ್ನು ಹೇಳಿದರೂ ಪ್ರಯೋಜನವಾಗದು. ಇದಕ್ಕಿಂತ ಹೆಚ್ಚು ಜನರನ್ನು ಕಾಡುವುದು, ಹೆಚ್ಚಿನವರ ಗಮನಕ್ಕೇ ಬಾರದ ಇನ್ನೊಂದು ನಿಯಮ. ಡಿಕ್ರಿಯಾಗಿ 2 ವರ್ಷ ಕಳೆದ ಮೇಲೆ ಅಮಲ್ಜಾರಿಗೆ ಬಂದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 22ನೇ ನಿಯಮದಂತೆ ಸಾಮಾನ್ಯವಾಗಿ ಎದುರಾಳಿಗೆ ಮೊದಲು ನೋಟಿಸ್ ಕೊಡಬೇಕಾಗುತ್ತದೆ. ನೋಟಿಸ್ ಕಂಡ ಕಂಪನಿ ಬ್ಯಾಂಕ್ ಖಾತೆ ಬರಿದು ಮಾಡಲು ಎಷ್ಟು ಹೊತ್ತು ಬೇಕು? ನನ್ನ ದೃಷ್ಟಿಯಲ್ಲಿ ನೌಕರನ ನಿಜವಾದ ಗಡುವು ಈ 2 ವರ್ಷವೇ ಹೊರತು 12 ಅಲ್ಲ.

ಅರ್ಜಿಯೊಂದಿಗೆ ಐತೀರ್ಪಿನ ಸಹಿಯುಳ್ಳ ಪ್ರತಿ, ಬಾಕಿ ಮೊತ್ತದ ಬಡ್ಡಿಸಹಿತ ಲೆಕ್ಕ ಮತ್ತು ಜಪ್ತಿ ಮಾಡಿಸಬೇಕಾದ ಖಾತೆ ಅಥವಾ ಆಸ್ತಿಯ ವಿವರ ಇರಲಿ. ಹಳೆಯ ಸಂಬಳದ ಚೀಟಿಯೋ ಬ್ಯಾಂಕ್ ಸ್ಟೇಟ್‌ಮೆಂಟೋ ಕಂಪನಿಯ ಬ್ಯಾಂಕ್ ಯಾವುದೆಂದು ತೋರಿಸಿಕೊಡಬಹುದು. ಏನೂ ತಿಳಿಯದಿದ್ದರೆ ಆಸ್ತಿ ವಿವರವನ್ನು ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಸಲ್ಲಿಸುವಂತೆ ಕಂಪನಿಗೆ ಆದೇಶಿಸಲು ಕೋರಬಹುದು. ಮುದ್ರಾಂಕ ಶುಲ್ಕ ಕಟ್ಟದ ಐತೀರ್ಪಿಗೆ ಈ ಹಂತದಲ್ಲಿ ಆಕ್ಷೇಪಣೆ ಬರುತ್ತದೆ, ಮುಂಚೆಯೇ ಕಟ್ಟಿಬಿಡುವುದು ಒಳಿತು. ಕಂಪನಿಯ ಆಸ್ತಿ ಬೇರೆ ರಾಜ್ಯದಲ್ಲಿದ್ದರೆ ನೇರವಾಗಿ ಅಲ್ಲಿಯ ನ್ಯಾಯಾಲಯಕ್ಕೇ ಹೋಗಬಹುದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ.

ಈ ನಡುವೆ ಕಂಪನಿಯ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭವಾಗಿ ಮೊರಟೋರಿಯಂ (ವಸೂಲಿ ಕ್ರಮಗಳಿಗೆ ತಾತ್ಕಾಲಿಕ ತಡೆ) ಜಾರಿಯಾದರೆ ಅಮಲ್ಜಾರಿ ಅಲ್ಲಿಗೇ ನಿಲ್ಲುತ್ತದೆ. ಆಗ ಪತ್ರಿಕೆಯಲ್ಲಿ ಪ್ರಕಟವಾಗುವ ಸಾರ್ವಜನಿಕ ಪ್ರಕಟಣೆಯಲ್ಲಿ ಸೂಚಿಸಿದ ದಿನಾಂಕದೊಳಗೆ ನೌಕರರಿಗಾಗಿರುವ ‘ಡಿ’ ನಮೂನೆಯಲ್ಲಿ ಐತೀರ್ಪಿನ ಪ್ರತಿಯ ಸಮೇತ ಬಾಕಿಯ ಹಕ್ಕನ್ನು ಮಂಡಿಸಬೇಕು.