ಓಡುವ ವಾರ, ನಡೆಯುವ ವಾರ

ನನ್ನ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಇದೆ ಎಂಬ ಸುಳಿವು ಮೊದಲು ಸಿಕ್ಕಿದ್ದು ಓಟದಿಂದಲೇ. ಹೊಟ್ಟೆನೋವಿರಲಿಲ್ಲ, ತೂಕವೂ ಇಳಿದಿರಲಿಲ್ಲ. ವರ್ಷಗಳಿಂದ ಹತ್ತಿಳಿದು ಅಭ್ಯಾಸವಾಗಿದ್ದ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಲ್ಲಿ ನಂದಿ ಸಿಗುವ ಮೊದಲೇ ಏದುಸಿರು ಬಂದು ಕೂರುವಂತಾಯಿತು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಮುಟ್ಟು ನಿಂತ ಹೆಂಗಸಿನಲ್ಲಿ ಕಬ್ಬಿಣದ ಅಂಶ ಹೀಗೆ ಕುಸಿದರೆ ರಕ್ತ ಒಳಗೆಲ್ಲೋ ಸೋರುತ್ತಿರಬಹುದು, ಕರುಳನ್ನು ನೋಡಲೇಬೇಕು ಎಂದು ಪಟ್ಟುಹಿಡಿದು ಕೊಲೊನೊಸ್ಕೋಪಿ ಮಾಡಿಸಿದ ವೈದ್ಯೆಗೆ ನಾನು ಋಣಿ. ಸುಸ್ತೆಂದು ಕಬ್ಬಿಣದ ಮಾತ್ರೆ ನುಂಗಿ ಸುಮ್ಮನಾಗುವ ನನ್ನ ವಯಸ್ಸಿನವರು ಎಷ್ಟೋ ಮಂದಿ ಇದ್ದಾರೆ. ಅವರೆಲ್ಲರಿಗೂ ಈ ಮಾತು ತಲುಪಬೇಕು.

ಶಸ್ತ್ರಚಿಕಿತ್ಸೆಯಲ್ಲಿ ಕರುಳಿನ ಬಲಭಾಗವನ್ನು ತೆಗೆದರು. ದುಗ್ಧರಸ ಗ್ರಂಥಿಗಳಿಗೂ (ಲಿಂಫ್ ನೋಡ್) ಹರಡಿದ್ದರಿಂದ ಮೂರನೇ ಹಂತ, ಕಿಮೋಥೆರಪಿಯೂ ಬೇಕು ಎಂದರು. ಮರುದಿನವೇ ನರ್ಸ್ ಬಂದು, 'ಏಳಿ ಅಮ್ಮಾ, ನಾಲ್ಕು ಹೆಜ್ಜೆ ಹಾಕೋಣ' ಎಂದು ಎಬ್ಬಿಸಿದರು. ಆದರೆ ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: ಮಲಗಿರು, ಆಯಾಸ ಮಾಡಿಕೊಳ್ಳಬೇಡ. ನನ್ನ ಅಕ್ಕನಂತೂ ಓಡುವ ಬೂಟುಗಳನ್ನು ಅಟ್ಟಕ್ಕೆ ಹಾಕಿಸಿಬಿಟ್ಟಿದ್ದಳು. ಅದರ ಹಿಂದಿದ್ದ ಪ್ರೀತಿ ನನಗೆ ಗೊತ್ತು. ಆದರೂ ಆ ಸಲಹೆ ತಪ್ಪೆಂದೇ ಹೇಳುತ್ತೇನೆ. ಕಿಮೋದ ಸುಸ್ತು ಮಲಗಿದಷ್ಟೂ ಹೆಚ್ಚುತ್ತದೆ. ಹದವಾಗಿ ಕೈಕಾಲು ಆಡಿಸಿದರೆ ತಗ್ಗುತ್ತದೆ. ಹೊಟ್ಟೆಯ ಹೊಲಿಗೆ ಗಟ್ಟಿಯಾಗುವವರೆಗೆ ನೀರಿನ ಬಿಂದಿಗೆಯನ್ನೂ ಎತ್ತುವಂತಿರಲಿಲ್ಲ, ನಡೆಯುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ.

ಕಿಮೋ ಮೂರು ವಾರಕ್ಕೊಂದು ಸುತ್ತು. ಮೊದಲ ದಿನ ಆಕ್ಸಾಲಿಪ್ಲಾಟಿನ್ ಡ್ರಿಪ್, ಆಮೇಲೆ ಎರಡು ವಾರ ಕ್ಯಾಪೆಸಿಟಬಿನ್ ಮಾತ್ರೆ, ಕೊನೆಯ ವಾರ ಬಿಡುವು. ಹಿಂದೆ ನಾನು ಓಟದ ವೇಳಾಪಟ್ಟಿಯನ್ನು ಸೋಮವಾರದಿಂದ ಭಾನುವಾರಕ್ಕೆ ಬರೆಯುತ್ತಿದ್ದೆ. ಈಗ ಡ್ರಿಪ್ ಹಾಕಿದ ದಿನದಿಂದ ಎಣಿಸಿ ಬರೆಯುವುದನ್ನು ಕಲಿತೆ. ಕ್ಯಾನ್ಸರ್ ಇಟ್ಟುಕೊಂಡು ಓಡುವುದರಲ್ಲಿ ನಾನು ಕಂಡುಕೊಂಡ ಮುಖ್ಯ ವಿಷಯ ಇದೇ. ಉಳಿದದ್ದೆಲ್ಲ ಇದರ ವಿವರ.

ಡ್ರಿಪ್ ಆದ ಮೊದಲ ಕೆಲವು ದಿನ ತಣ್ಣನೆಯದೇ ಶತ್ರು. ಡಿಸೆಂಬರಿನಲ್ಲಿ ಬೆಳಗ್ಗೆ ನಲ್ಲಿಯ ನೀರಿಗೆ ಕೈಯೊಡ್ಡಿದರೆ ಕರೆಂಟು ಹೊಡೆದಂತಾಗುತ್ತಿತ್ತು. ಸ್ಟೀಲ್ ಲೋಟವನ್ನು ಬಟ್ಟೆ ಸುತ್ತಿ ಹಿಡಿಯಬೇಕಿತ್ತು. ತಣ್ಣನೆಯ ಗಾಳಿ ಗಂಟಲಿಗೆ ತಾಗಿದರೆ ಗಂಟಲು ಬಿಗಿದು, ಉಸಿರೇ ಕಟ್ಟಿತೇನೋ ಎನಿಸುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮಂಜಿನಲ್ಲಿ ಓಡುವ ಆಸೆಯನ್ನು ಆ ದಿನಗಳಲ್ಲಿ ಬಿಟ್ಟೆ. ಹತ್ತು ಗಂಟೆಯ ಬಿಸಿಲಿಗೆ, ಮೂಗು ಬಾಯಿಗೆ ಮಫ್ಲರ್ ಸುತ್ತಿ, ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟುಕೊಂಡು ಬೀದಿಯ ಕೊನೆಯವರೆಗೆ ನಡೆದು ಬರುತ್ತಿದ್ದೆ. ಎರಡನೇ ವಾರದಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಗೆಳತಿಯೊಬ್ಬಳು ಪಕ್ಕದಲ್ಲಿ ಏನಾದರೂ ಕೇಳುತ್ತಾ ಬರುತ್ತಿದ್ದಳು. ನಾನು ಪೂರ್ತಿ ವಾಕ್ಯದಲ್ಲಿ ಉತ್ತರಿಸಬೇಕು. ನಡುವೆ ಉಸಿರಿಗೆ ತಡೆದರೆ ನಡಿಗೆಗೆ ಇಳಿಯಬೇಕು. ಗಡಿಯಾರಕ್ಕಿಂತ ಇದು ನಂಬಬಹುದಾದ ಅಳತೆ.

ಓಡುವವರಿಗೆ ಈ ಚಿಕಿತ್ಸೆಯ ದೊಡ್ಡ ತೊಡಕು ಪಾದಗಳದ್ದು. ಕ್ಯಾಪೆಸಿಟಬಿನ್ ಅಂಗೈ ಅಂಗಾಲುಗಳನ್ನು ಕೆಂಪಾಗಿಸುತ್ತದೆ, ಉರಿಸುತ್ತದೆ, ಸಿಪ್ಪೆ ಏಳಿಸುತ್ತದೆ. ಮಾತ್ರೆಯ ಎರಡು ವಾರ ಮುಗಿಯುವ ಹೊತ್ತಿಗೆ ನನ್ನ ಹಿಮ್ಮಡಿಯ ಅಂಚು ಮತ್ತು ಹೆಬ್ಬೆರಳಿನ ಬುಡ ಹೊಳೆಯುವಷ್ಟು ಕೆಂಪಾಗುತ್ತಿದ್ದವು. ಬಿಸಿನೀರು, ಉಜ್ಜಾಟ ಎರಡೂ ಅದನ್ನು ಕೆರಳಿಸುತ್ತವೆ. ರಾತ್ರಿ ಯೂರಿಯಾ ಇರುವ ಮುಲಾಮು ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗುವುದು, ಒಂದು ಅಳತೆ ದೊಡ್ಡದಾದ ಬೂಟು, ಒಳಹೊಲಿಗೆ ತಾಗದ ಕಾಲುಚೀಲ, ಇವು ನನ್ನನ್ನು ಕಾಪಾಡಿದವು. ಕೆಂಪು ನೋವಾಗಿ ತಿರುಗಿದರೆ ಓಟವಿಲ್ಲ. ಕುರ್ಚಿಯ ಮೇಲೆ ಕೂತು ತೋಳಿನ ವ್ಯಾಯಾಮ ಮಾತ್ರ. ಪಾದದ ಸ್ಥಿತಿಯನ್ನು ವೈದ್ಯರಿಂದ ಮುಚ್ಚಿಡಬಾರದು. ಮಾತ್ರೆಯ ಪ್ರಮಾಣ ಇಳಿಸಬೇಕೇ ಎಂದು ಅವರು ನಿರ್ಧರಿಸುವುದು ಅದನ್ನು ನೋಡಿಯೇ.

ಆಕ್ಸಾಲಿಪ್ಲಾಟಿನ್ ಸುತ್ತು ಹೆಚ್ಚಿದಂತೆ ಬೆರಳ ತುದಿಗಳು ಜೋಮು ಹಿಡಿದವು. ಕಾಲ ಕೆಳಗಿನ ಕಲ್ಲು, ಬೇರು ಅರಿವಿಗೇ ಬರುತ್ತಿರಲಿಲ್ಲ. ಆಗ ಕೆರೆಯ ದಾರಿಯನ್ನು ಬಿಟ್ಟು ಓವಲ್ ಮೈದಾನದ ಸಮತಟ್ಟಾದ ನೆಲಕ್ಕೆ ಬಂದೆ, ಅದೂ ಚೆನ್ನಾಗಿ ಬೆಳಕು ಹರಿದ ಮೇಲೆ.

ಓಡಬಾರದ ದಿನಗಳನ್ನು ಮೊದಲೇ ವೈದ್ಯರ ಬಳಿ ಕೂತು ಗೊತ್ತುಮಾಡಿಕೊಂಡಿದ್ದೆ. ಜ್ವರ 100.4 ಡಿಗ್ರಿ ದಾಟಿದರೆ ಬೂಟಲ್ಲ, ಆಸ್ಪತ್ರೆಯ ದಾರಿ ಹಿಡಿಯಬೇಕು. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ ಓಟದ ಮಾತೇ ಇಲ್ಲ. ಭೇದಿಯಾದ ದಿನ ಒ.ಆರ್.ಎಸ್. ಕುಡಿದು ಮನೆಯಲ್ಲೇ ಇರಬೇಕು. ಒಂದೇ ಮೀನಖಂಡ ಊದಿ ನೋವಾದರೆ ಸ್ನಾಯುಸೆಳೆತ ಎಂದುಕೊಂಡು ಓಡಿ ಸರಿಮಾಡಲು ಹೋಗಬಾರದು. ಕ್ಯಾನ್ಸರ್ ಇದ್ದವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಮೂಳೆಗೆ ಹರಡಿರುವವರು, ಹೃದಯಕ್ಕೆ ತೊಂದರೆ ಕೊಡಬಲ್ಲ ಔಷಧಿ ಪಡೆಯುತ್ತಿರುವವರು ನನ್ನ ಪಟ್ಟಿಯನ್ನು ಹಾಗೆಯೇ ಅನುಸರಿಸಬಾರದು. ಅವರ ಎಚ್ಚರಿಕೆಗಳೇ ಬೇರೆ.

2025ರಲ್ಲಿ ಚಾಲೆಂಜ್ ಎಂಬ ಅಧ್ಯಯನದ ಫಲಿತಾಂಶ ಬಂದಾಗ ನಾನು ಎರಡೆರಡು ಬಾರಿ ಓದಿದೆ. ಶಸ್ತ್ರಚಿಕಿತ್ಸೆ, ಕಿಮೋ ಎರಡನ್ನೂ ಮುಗಿಸಿದ ದೊಡ್ಡ ಕರುಳಿನ ಕ್ಯಾನ್ಸರಿನ 889 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ವರ್ಷ ತರಬೇತುದಾರರ ಬೆಂಬಲದಲ್ಲಿ ವ್ಯಾಯಾಮ ಮಾಡಿಸಿದ್ದರು. ಇನ್ನೊಂದು ಗುಂಪಿಗೆ ಆರೋಗ್ಯದ ಮಾಹಿತಿ ಪುಸ್ತಿಕೆಗಳನ್ನಷ್ಟೇ ಕೊಟ್ಟಿದ್ದರು. ಎಂಟು ವರ್ಷಕ್ಕೆ ಬದುಕಿದ್ದವರ ಪ್ರಮಾಣ ವ್ಯಾಯಾಮದ ಗುಂಪಿನಲ್ಲಿ ಶೇ. 90.3, ಇನ್ನೊಂದರಲ್ಲಿ ಶೇ. 83.2. ಅದಕ್ಕೆ ಮ್ಯಾರಥಾನ್ ಓಡಬೇಕಿರಲಿಲ್ಲ. ವಾರಕ್ಕೆ ಮೂರು ನಾಲ್ಕು ಬಾರಿ ಮುಕ್ಕಾಲು ಗಂಟೆಯ ಚುರುಕು ನಡಿಗೆಯಷ್ಟು ಹೆಚ್ಚುವರಿ ಶ್ರಮ ಸಾಕಿತ್ತು. ಕಿಮೋ ಮುಗಿಸಿದ ಪ್ರತಿಯೊಬ್ಬರ ಬಿಡುಗಡೆ ಚೀಟಿಯಲ್ಲೂ ಮಾತ್ರೆಗಳ ಜೊತೆ ಇದನ್ನೂ ಬರೆದುಕೊಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಆ ಅಂಕಿಗಳು ನನಗೆ ನೇರವಾಗಿ ಅನ್ವಯಿಸುವುದಿಲ್ಲ. ಅಷ್ಟರಲ್ಲಿ ನನ್ನ ಯಕೃತ್ತಿನಲ್ಲಿ ಗಡ್ಡೆಗಳು ಕಾಣಿಸಿಕೊಂಡಿದ್ದವು. ಇನ್ನೊಂದು ಬಗೆಯ ಕಿಮೋ ಆಗಿ, ಈಗ ರೋಗ ಬೆಳೆಯದಂತೆ ತಡೆಯಲು ಕ್ಯಾಪೆಸಿಟಬಿನ್ ಜೊತೆಗೆ ಮೂರು ವಾರಕ್ಕೊಮ್ಮೆ ಬೆವಾಸಿಝುಮ್ಯಾಬ್ ಎಂಬ ಔಷಧಿ ನಡೆಯುತ್ತಿದೆ. ಈ ಔಷಧಿ ರಕ್ತದೊತ್ತಡವನ್ನು ಏರಿಸುತ್ತದೆ, ಗಾಯ ಮಾಯುವುದನ್ನು ನಿಧಾನಗೊಳಿಸುತ್ತದೆ. ಹಾಗಾಗಿ ಮನೆಯಲ್ಲೇ ಬಿ.ಪಿ. ನೋಡಿಕೊಂಡು ಹೊರಡುತ್ತೇನೆ, ಇಳಿಜಾರಿನಲ್ಲಿ ಓಡುವುದಿಲ್ಲ.

ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡು, ಕೃತಕ ಕಾಲಿನಲ್ಲಿ 1980ರಲ್ಲಿ ಕೆನಡಾದುದ್ದಕ್ಕೂ ಓಡಲು ಹೊರಟ ಟೆರ್ರಿ ಫಾಕ್ಸ್ ಬಗ್ಗೆ ಯಾರಾದರೂ ನನಗೆ ಕಳಿಸುತ್ತಲೇ ಇರುತ್ತಾರೆ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ ನಿಲ್ಲಿಸುವವರೆಗೆ ಆ ಹುಡುಗ 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ. ಅವನ ನೆನಪಿಗೆ ತಲೆಬಾಗುತ್ತೇನೆ. ಆದರೆ ಹಾಸಿಗೆ ಹಿಡಿದವರ ಮುಂದೆ ಆ ಕಥೆಯನ್ನು ಮೊದಲು ಇಡಬೇಡಿ. ಮನೆಯ ಗೇಟಿನವರೆಗೆ ಹೋಗಿ ಬಂದವರ ಕಥೆ ಅವರಿಗೆ ಹೆಚ್ಚು ಬೇಕು.

ಅಕ್ಕ ಈಗ ನನ್ನ ನಡೆಯುವ ವಾರದಲ್ಲಿ ಜೊತೆಗೆ ಬರುತ್ತಾಳೆ. ಓಡುವ ವಾರದಲ್ಲಿ ಮೈದಾನದ ಬೆಂಚಿನ ಮೇಲೆ ನನ್ನ ನೀರು, ಒ.ಆರ್.ಎಸ್., ಆಸ್ಪತ್ರೆಯ ಫೈಲು ಹಿಡಿದು ಕೂರುತ್ತಾಳೆ. ಫೈಲು ಏಕೆ ಎಂದು ಕೇಳಿದ್ದಕ್ಕೆ, 'ನೀನು ಓಡು, ಕಾಗದದ ಚಿಂತೆ ನನಗಿರಲಿ' ಎಂದಳು.