ಕ್ರಚಸ್ ಬೇಡ, ಮಂಡಿ ಸ್ಕೂಟರ್ ಬೇಕು: ಅಮೆರಿಕದಲ್ಲಿ ಇನ್ಶೂರೆನ್ಸ್‌ನಿಂದ ಬಿಲ್ ಪಾಸ್ ಮಾಡಿಸಿಕೊಳ್ಳುವುದು ಹೇಗೆ?

ಪಾದದ ಗಂಟು ಮುರಿದಿದೆ. ಇನ್ನು ಕೆಲವು ವಾರ ಆ ಕಾಲನ್ನು ನೆಲಕ್ಕೆ ಊರುವ ಹಾಗಿಲ್ಲ ಎಂದು ಡಾಕ್ಟರ್ ಕ್ರಚಸ್ (ಕಂಕುಳಿಗೆ ಆನಿಸುವ ಊರುಗೋಲು) ಕೊಟ್ಟು ಕಳಿಸಿದ್ದಾರೆ. ಎರಡು ದಿನಕ್ಕೇ ಅಂಗೈ ಉರಿ, ಕಂಕುಳ ನೋವು, ಒಂದು ಲೋಟ ನೀರನ್ನು ಈ ಕೋಣೆಯಿಂದ ಆ ಕೋಣೆಗೆ ಒಯ್ಯಲಿಕ್ಕೂ ಇನ್ನೊಬ್ಬರ ಕೈ ಬೇಕು. ಸುಮ್ನೆ ಆನ್‌ಲೈನ್‌ನಲ್ಲಿ ಒಂದು ಮಂಡಿ ಸ್ಕೂಟರ್ (ಪೆಟ್ಟಾದ ಕಾಲಿನ ಮಂಡಿಯನ್ನು ಮೆತ್ತೆಯ ಮೇಲೆ ಊರಿ, ಇನ್ನೊಂದು ಕಾಲಿಂದ ತಳ್ಳಿಕೊಂಡು ಹೋಗುವ ಗಾಲಿ ಸಾಧನ) ತರಿಸೋಣ ಅನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ.

ಮೊದಲು ಕಾಲು ನೋಡಿ, ಆಮೇಲೆ ದುಡ್ಡು. ಮಂಡಿ ಸ್ಕೂಟರ್ ಇರುವುದು ಮಂಡಿಯಿಂದ ಕೆಳಗೆ ಪೆಟ್ಟಾದವರಿಗೆ: ಪಾದ, ಪಾದದ ಗಂಟು, ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜು. ಮಂಡಿಯನ್ನು 90 ಡಿಗ್ರಿ ಮಡಚಿ ಅದರ ಮೇಲೇ ಭಾರ ಹಾಕಬೇಕು, ಹಾಗಾಗಿ ಮಂಡಿಗೇ ಪೆಟ್ಟಾಗಿದ್ದರೆ ಇದರ ಆಸೆ ಬಿಡಿ. ಹಿಡಿಕೆ ಸೊಂಟದ ಎತ್ತರಕ್ಕಿರಲಿ. ಮಂಡಿ ಊರಿ ನಿಂತಾಗ ಸೊಂಟ ಒಂದು ಕಡೆ ವಾಲಿದರೆ ಮೆತ್ತೆಯ ಎತ್ತರ ಸರಿಯಿಲ್ಲ ಎಂದರ್ಥ, ಅದನ್ನು ಹಾಗೇ ಬಿಟ್ಟರೆ ಬೆನ್ನು ನೋವು ಶುರುವಾಗಬಹುದು. ಇಳಿಜಾರು ಮತ್ತು ಜಲ್ಲಿ ಇದರ ಶತ್ರುಗಳು. ಮೆಟ್ಟಿಲ ಮೇಲಂತೂ ಇದು ಬರುವುದೇ ಇಲ್ಲ, ಆದ್ದರಿಂದ ಕ್ರಚಸ್ ಬಿಸಾಡಬೇಡಿ.

ಇನ್ನೊಂದು, ಕೈ ಪೂರ್ತಿ ಖಾಲಿ ಬಿಡುವ ಐವಾಕ್ ಥರದ ಸಾಧನ. ಮಡಚಿದ ಕಾಲನ್ನು ಅದರ ಮೇಲಿಟ್ಟು, ತೊಡೆಗೆ ಪಟ್ಟಿ ಬಿಗಿದು ಮರಗಾಲಿನ ಹಾಗೆ ನಡೆಯುವುದು. ನೋಡಲು ಮಜಾ ಇದೆ, ಆದರೆ ಒಳ್ಳೆಯ ಕಾಲೊಂದರ ಮೇಲೇ ಅಲುಗಾಡದೆ ನಿಲ್ಲಲು ಆಗದವರಿಗೆ, ತಲೆಸುತ್ತು ಬರುವವರಿಗೆ ಇದು ಬೇಡವೇ ಬೇಡ. ತೂಕದ ಮಿತಿಯನ್ನೂ ಓದಿಕೊಳ್ಳಿ. ಯಾವುದನ್ನೇ ಆರಿಸಿದರೂ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅವತ್ತೇ ಡಾಕ್ಟರ್‌ಗೆ ಹೇಳಿ. ರಕ್ತ ಹೆಪ್ಪುಗಟ್ಟಿರಬಹುದು.

ಇನ್ನು ಬಿಲ್. ಈ ಎರಡೂ ಸಾಧನಗಳಿಗೆ ಅಮೆರಿಕದಲ್ಲಿ ಇನ್ಶೂರೆನ್ಸ್ ಬಿಲ್‌ನಲ್ಲಿ ಬಳಸುವ ಕೋಡ್ ಇ0118, ಅಂದರೆ 'ಕ್ರಚ್‌ಗೆ ಬದಲಿ, ಕೆಳಗಾಲಿನ ಆಸರೆ, ಗಾಲಿ ಇರಲಿ ಬಿಡಲಿ'. ಇದರ ಜೊತೆಗೆ ಬಾಡಿಗೆಯಾದರೆ ಆರ್‌ಆರ್, ಹೊಸದನ್ನು ಕೊಂಡರೆ ಎನ್‌ಯು ಎಂಬ ಬಾಲ. ಇನ್ಶೂರೆನ್ಸ್‌ಗೆ ಫೋನ್ ಮಾಡಿ 'ಸ್ಕೂಟರ್ ಕವರ್ ಆಗುತ್ತಾ?' ಎಂದು ಕೇಳಿದರೆ ಆ ಕಡೆಯವರು ಎಲೆಕ್ಟ್ರಿಕ್ ಸ್ಕೂಟರ್ ಅಂದುಕೊಳ್ಳಬಹುದು. ಕೋಡ್ ಹೇಳಿಯೇ ಕೇಳಿ. ಮುಂಚೆ ಒಪ್ಪಿಗೆ ಬೇಕಾ, ಬಾಡಿಗೆಯಾ ಖರೀದಿಯಾ, ನೆಟ್‌ವರ್ಕ್ ಒಳಗಿನ (ಇನ್ಶೂರೆನ್ಸ್ ಜೊತೆ ಒಪ್ಪಂದ ಇರುವ) ಸಪ್ಲೈಯರ್ ಯಾರು ಎಂಬುದನ್ನೂ ಕೇಳಿ, ದಿನಾಂಕ ಮತ್ತು ಕರೆಯ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಡಾಕ್ಟರ್ ನೋಟ್. 'ರೋಗಿಗೆ ಸ್ಕೂಟರ್ ಬೇಕು' ಎಂದಷ್ಟೇ ಬರೆದರೆ ಕ್ಲೇಮ್ ತಿರಸ್ಕಾರ ಆಗುವ ಸಾಧ್ಯತೆ ಜಾಸ್ತಿ. ಕಾಲಿಗೆ ಎಷ್ಟು ವಾರ ಭಾರ ಹಾಕಬಾರದು, ಕ್ರಚಸ್ ಅಥವಾ ವಾಕರ್ ಯಾಕೆ ಆಗುವುದಿಲ್ಲ (ಮಣಿಕಟ್ಟಿನ ಸಂಧಿವಾತ, ಭುಜದ ಹಳೇ ಪೆಟ್ಟು, ಕ್ರಚಸ್‌ನಲ್ಲಿ ಬಿದ್ದದ್ದು), ಇದನ್ನು ಬಳಸುವಷ್ಟು ಬ್ಯಾಲೆನ್ಸ್ ಇದೆಯಾ, ಇಷ್ಟೂ ಅದರಲ್ಲಿರಬೇಕು. ಡಾಕ್ಟರ್‌ಗೆ ಪುರುಸೊತ್ತಿಲ್ಲದಿದ್ದರೆ ಫಿಸಿಯೋಥೆರಪಿಸ್ಟ್ ನಿಮ್ಮನ್ನು ನಡೆಸಿ ನೋಡಿ ಬರೆದ ವರದಿಯನ್ನು ಅದಕ್ಕೆ ಸೇರಿಸಲು ಹೇಳಿ.

ಮೆಡಿಕೇರ್‌ನಲ್ಲಿರುವ (ಮುಖ್ಯವಾಗಿ ಹಿರಿಯರಿಗೆ ಅಮೆರಿಕ ಸರ್ಕಾರ ಕೊಡುವ ಆರೋಗ್ಯ ವಿಮೆ) ಅಪ್ಪ ಅಮ್ಮನಿಗಾದರೆ ಲೆಕ್ಕವೇ ಬೇರೆ. ಕ್ರಚಸ್, ವಾಕರ್‌ಗೆ ಅದರ ಪಾರ್ಟ್ ಬಿ ಭಾಗ, ಡಿಡಕ್ಟಿಬಲ್ (ಮೊದಲು ನೀವೇ ಕೊಡಬೇಕಾದ ಮೊತ್ತ) ಮುಗಿದ ಮೇಲೆ ಶೇ 80 ಕೊಡುತ್ತದೆ. ಮಂಡಿ ಸ್ಕೂಟರ್‌ಗೆ ಸಾಮಾನ್ಯವಾಗಿ ಇಲ್ಲ. ಸಪ್ಲೈಯರ್ 'ಎಬಿಎನ್' ಎಂಬ ಕಾಗದ ಮುಂದಿಟ್ಟರೆ, ಮೆಡಿಕೇರ್ ಕೊಡದಿದ್ದರೆ ಪೂರ್ತಿ ದುಡ್ಡು ನನ್ನದೇ ಎಂದು ಒಪ್ಪಿಕೊಂಡು ಸಹಿ ಹಾಕುತ್ತಿದ್ದೀರಿ ಎಂದು ತಿಳಿದಿರಲಿ.

ಖಾಸಗಿ ಪ್ಲಾನ್ ತಿರಸ್ಕರಿಸಿದರೆ ಪತ್ರದಲ್ಲಿ ಕಾರಣ ಓದಿ. ಎಷ್ಟೋ ಸಲ ಬರೀ ಕೋಡ್ ತಪ್ಪಿರುತ್ತದೆ, ಸಪ್ಲೈಯರ್ ಮತ್ತೆ ಕಳಿಸಿದರೆ ಮುಗಿಯಿತು. ಇಲ್ಲದಿದ್ದರೆ ಹೆಚ್ಚಿನ ಪ್ಲಾನ್‌ಗಳಲ್ಲಿ ಮೇಲ್ಮನವಿಗೆ 180 ದಿನ ಇರುತ್ತದೆ. ಡಾಕ್ಟರ್ ಬರೆದ ಆ ನೋಟ್ ಅನ್ನೇ ಲಗತ್ತಿಸಿ ಕಳಿಸಿ. ಅದೂ ಆಗದಿದ್ದರೆ ಎಚ್‌ಎಸ್‌ಎ ಅಥವಾ ಎಫ್‌ಎಸ್‌ಎ (ಆಸ್ಪತ್ರೆ, ಔಷಧದ ಖರ್ಚಿಗೆಂದೇ ತೆರಿಗೆ ಇಲ್ಲದೆ ಎತ್ತಿಡುವ ಖಾತೆಗಳು) ದುಡ್ಡಲ್ಲಿ ಕೊಳ್ಳಬಹುದು. ಕೆಲವೊಮ್ಮೆ ನೇರ ದುಡ್ಡು ಕೊಟ್ಟು ಕೊಂಡರೇ ಅಗ್ಗ, ಎರಡನ್ನೂ ಹೋಲಿಸಿ ನೋಡಿ.

ಬಾಡಿಗೆಗೆ ತಂದಿದ್ದರೆ, ಕಾಲು ಸರಿಹೋದ ದಿನವೇ ವಾಪಸ್ ಕೊಟ್ಟು ದಿನಾಂಕ ಇರುವ ರಸೀದಿ ಪಡೆಯಿರಿ. ಬಾಡಿಗೆ ಬಿಲ್ ತಿಂಗಳ ಲೆಕ್ಕದಲ್ಲಿ ಹೋಗುತ್ತದೆ. ಮೂಲೆಯಲ್ಲಿ ನಿಂತ ಸ್ಕೂಟರ್‌ಗೂ.