ಹಳೆ ಎಲೆಕ್ಟ್ರಿಕ್ ಗಿಟಾರ್ ಯಾವುದೆಂದು ಪತ್ತೆ ಹಚ್ಚುವುದು: ಹೆಸರು ಬಿಡಿ, ತಿರುಪು ಬಿಚ್ಚಿ

ಮೈಸೂರು, ಮಂಡ್ಯದ ಕಡೆ ರಿಪೇರಿಗೆ ಬರುವ ಹಳೆ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಹೆಚ್ಚಿನವು ಆರ್ಕೆಸ್ಟ್ರಾದಲ್ಲೋ ಚರ್ಚಿನಲ್ಲೋ ದುಡಿದವು. ಗಣೇಶನ ಪೆಂಡಾಲುಗಳನ್ನು ಸುತ್ತಿ, ಒಂದೆರಡು ಸಲ ಬಣ್ಣ ಬಳಿಸಿಕೊಂಡು, ರೇಡಿಯೊ ರಿಪೇರಿಯವರ ಕೈಯಲ್ಲಿ ಪಾಟ್ (ದನಿ ಏರಿಳಿಸುವ ಗುಂಡಿಯ ಕೆಳಗಿನ ಭಾಗ) ಬದಲಾಗಿ ಬಂದಿರುತ್ತವೆ. ತಂತಿ ಬಿಗಿಯುವ ಕೀಗಳಿರುವ ತುದಿ, ಅಂದರೆ ಹೆಡ್‌ಸ್ಟಾಕ್ ಮೇಲೆ ಹೆಸರಿದ್ದರೂ ಅದನ್ನು ನಾನು ಕೊನೆಗೆ ನೋಡುತ್ತೇನೆ. 1960ರ ದಶಕದಲ್ಲಿ ಜಪಾನಿನ ಟೇಸ್ಕೋ ಮಾಡಿದ ಗಿಟಾರುಗಳೇ ಅಮೆರಿಕದಲ್ಲಿ ಟೇಸ್ಕೋ ಡೆಲ್ ರೇ, ಸಿಲ್ವರ್‌ಟೋನ್, ಕಿಂಗ್‌ಸ್ಟನ್ ಎಂದೆಲ್ಲ ಬಿಕರಿಯಾದವು. ಹೆಸರಿನಿಂದ ಮಾರಿದವರು ಗೊತ್ತಾಗಬಹುದು, ಮಾಡಿದವರು ಗೊತ್ತಾಗಲಿಕ್ಕಿಲ್ಲ. ಇನ್ನು ಕೋಲ್ಕತ್ತಾದ ಗಿವ್ಸನ್ ಹೆಸರನ್ನು ಅಮೆರಿಕದ ದುಬಾರಿ ಗಿಬ್ಸನ್ ಎಂದು ಓದಿ ಲಕ್ಷದ ಲೆಕ್ಕ ಹಾಕುವವರ ಬಗ್ಗೆ ಹೇಳುವುದೇ ಬೇಡ.

ಬಿಚ್ಚುವ ಮುಂಚೆ ಒಂದು ಅಳತೆ. ನಟ್‌ನಿಂದ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ನ (ಬೆರಳೊತ್ತುವ ಕಡೆಯ ಅಡ್ಡ ಲೋಹದ ಗೆರೆ) ಮಧ್ಯಕ್ಕೆ ಮಿಲಿಮೀಟರಿನಲ್ಲಿ ಅಳೆದು ಎರಡರಿಂದ ಗುಣಿಸಿ. ಅಳೆದದ್ದು 324 ಬಂದರೆ ಸ್ಕೇಲ್ (ಮಿಡಿಯುವ ತಂತಿಯ ಉದ್ದ) 648, ಅದು ಅಮೆರಿಕದ ಫೆಂಡರ್ ಕಂಪನಿಯ ಅಳತೆ. 314ರ ಆಸುಪಾಸು ಬಂದರೆ 628, ಗಿಬ್ಸನ್ ಅಳತೆ. ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜ್‌ವರೆಗೆ ಅಳೆಯಬೇಡಿ. ಶ್ರುತಿ ಸರಿಹೋಗಲೆಂದು ಅಲ್ಲಿ ಒಂದೊಂದು ತಂತಿಯನ್ನು ಒಂದೊಂದಿಷ್ಟು ಹಿಂದೆ ಸರಿಸಿರುತ್ತಾರೆ, ಲೆಕ್ಕ ತಪ್ಪುತ್ತದೆ. ನಟ್ ಪಕ್ಕದಲ್ಲೇ ಇನ್ನೊಂದು ಫ್ರೆಟ್ ಇದ್ದರೆ ಅದು ಜೀರೋ ಫ್ರೆಟ್, ಅಳತೆ ಅಲ್ಲಿಂದಲೇ ಶುರು. ಆ ಕಾಲದ ಜಪಾನ್ ಮತ್ತು ಯುರೋಪಿನ ಗಿಟಾರುಗಳಲ್ಲಿ ಇದು ಸಾಮಾನ್ಯ. ಫೆಂಡರ್, ಗಿಬ್ಸನ್‌ಗಳಲ್ಲಿ ಅಪರೂಪ.

ಮುಂದಿನದು ತಿರುಪು. ಜಪಾನಿ ತಿರುಪಿನ ತಲೆ ನೋಡಲು ಸಾಮಾನ್ಯ ಪ್ಲಸ್ ಆಕಾರದ ಫಿಲಿಪ್ಸ್‌ನಂತೆ ಇದ್ದರೂ ಅದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ್ದು. ಫಿಲಿಪ್ಸ್ ಡ್ರೈವರ್ ಹಾಕಿ ಒತ್ತಿದರೆ ಜಾರಿ ತಲೆ ಸವೆಯುತ್ತದೆ. ಜೆಐಎಸ್ ಡ್ರೈವರ್ ಸಿಗದಿದ್ದರೆ ಫಿಲಿಪ್ಸ್ ತುದಿಯನ್ನು ಸ್ವಲ್ಪ ಅರೆದು ಚಪ್ಪಟೆ ಮಾಡಿಕೊಳ್ಳಬಹುದು. ಹಳೆ ಜಪಾನಿ ಎಂ3 (3 ಮಿ.ಮೀ. ದಪ್ಪದ) ತಿರುಪಿನಲ್ಲಿ ಮರೆಯ ಒಂದು ಸುತ್ತಿನಿಂದ ಇನ್ನೊಂದಕ್ಕೆ 0.6 ಮಿ.ಮೀ., ಈಗಿನದು 0.5. ಬ್ರಿಡ್ಜ್‌ನ ತಿರುಪು ಕಳೆದುಹೋಗಿದೆ ಎಂದು ಹಾರ್ಡ್‌ವೇರ್ ಅಂಗಡಿಯ ಎಂ3 ತಂದು ಬಲವಂತವಾಗಿ ತಿರುಗಿಸಿದರೆ ಒಳಗಿನ ಮರೆ ಹಾಳು. ಅದೇ ಗುರುತೂ ಹೌದು: ಹೊಸ ತಿರುಪು ಎರಡು ಸುತ್ತಿಗೇ ಬಿಗಿಹಿಡಿದರೆ, ಹಳೆ ಜಪಾನಿ ಭಾಗವೋ ಎಂದು ಅನುಮಾನಿಸಬಹುದು.

ಈಗ ತಂತಿ ಸಡಿಲಿಸಿ, ನಾಲ್ಕು ತಿರುಪು ಬಿಚ್ಚಿ ನೆಕ್ (ಗಿಟಾರಿನ ಕತ್ತು) ತೆಗೆಯಿರಿ. ನೆಕ್‌ನ ಬುಡ, ಅದು ಕೂರುವ ಗುಳಿ, ಎರಡರಲ್ಲೂ ಪೆನ್ಸಿಲ್ ಬರಹ, ರಬ್ಬರ್ ಸ್ಟ್ಯಾಂಪ್ ಹುಡುಕಿ. ಗುಳಿಯ ಅಂಚಿನಲ್ಲಿ ಪದರ ಪದರ ಕಂಡರೆ ಬಾಡಿ ಪ್ಲೈವುಡ್. ಜರ್ಮನಿಯ ಫ್ರಾಮಸ್ ಆದರೆ ನಿಮ್ಮ ಕೆಲಸ ಸುಲಭ: ಸೀರಿಯಲ್ ನಂಬರಿನ ಜೊತೆಗಿನ ಎರಡಂಕಿ ವರ್ಷ, ಅಕ್ಷರ ತಿಂಗಳು. 64ಎಲ್ ಎಂದರೆ 1964ರ ಡಿಸೆಂಬರ್. ಜಪಾನಿನವರಲ್ಲಿ ಇಂಥ ಶಿಸ್ತು ನಿರೀಕ್ಷಿಸಬೇಡಿ.

ಪಾಟ್‌ಗಳ ಬೆನ್ನಿನ ಅಂಕಿ ಓದುವುದು ಅಮೆರಿಕದ ಗಿಟಾರುಗಳಿಗೆ ಚೆನ್ನಾಗಿ ಒದಗುತ್ತದೆ. 1376633 ಎಂದಿದ್ದರೆ 137 ಅನ್ನುವುದು ಸಿಟಿಎಸ್ ಕಂಪನಿ, 66 ವರ್ಷ, 33 ವಾರ. 137ರ ಬದಲು 304 ಇದ್ದರೆ ಸ್ಟ್ಯಾಕ್‌ಪೋಲ್ ಕಂಪನಿ. ಮೇಲಿನ ಅಂಕಿಯಿಂದ ಗಿಟಾರ್ 1966ರ ಆಗಸ್ಟ್‌ಗಿಂತ ಮುಂಚಿನದಲ್ಲ ಎಂದಷ್ಟೇ ಹೇಳಬಹುದು, ಅದೂ ಬೆಸುಗೆ ಮೂಲದ್ದೇ ಆಗಿದ್ದರೆ. ಬೂದು ಬಣ್ಣಕ್ಕೆ ತಿರುಗಿದ ಹಳೆ ಬೆಸುಗೆಯ ಪಕ್ಕ ಒಂದು ಮಾತ್ರ ಫಳಫಳ ಹೊಳೆಯುತ್ತಿದ್ದರೆ ಆ ಪಾಟಿನ ತಾರೀಖನ್ನು ಲೆಕ್ಕಕ್ಕೆ ಹಿಡಿಯಬೇಡಿ.

ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ನ ರೋಧ ಅಳೆಯಲು ಬಾಡಿ ಬಿಚ್ಚಬೇಕಿಲ್ಲ. ಜಾಕ್‌ಗೆ ಕೇಬಲ್ ಹಾಕಿ, ವಾಲ್ಯೂಮ್, ಟೋನ್ ಪೂರ್ತಿ ತಿರುಗಿಸಿ, ಒಂದೇ ಪಿಕಪ್ ಆನ್ ಇಟ್ಟು, ಮಲ್ಟಿಮೀಟರಿನ 20ಕೆ (20 ಸಾವಿರ ಓಮ್) ರೇಂಜಿನಲ್ಲಿ ಕೇಬಲ್‌ನ ಇನ್ನೊಂದು ಕೊನೆಯ ಪ್ಲಗ್‌ನ ತುದಿಗೂ ಅದರ ಹಿಂದಿನ ಲೋಹದ ಭಾಗಕ್ಕೂ ನಡುವೆ ನೋಡಿ. ಪಾಟ್ ಸಮಾಂತರದಲ್ಲಿರುವುದರಿಂದ ಅಳತೆ ಚೂರು ಕಡಿಮೆ ಬರುತ್ತದೆ: 6ಕೆ ಕಾಯಿಲ್ (ಪಿಕಪ್‌ನೊಳಗಿನ ತಂತಿಸುರುಳಿ), 250ಕೆ ಪಾಟ್ ಇದ್ದರೆ ಮೀಟರ್ 5.86 ತೋರಿಸುತ್ತದೆ. ರೇಂಜ್ ಮೀರಿದೆ ಎಂದು ತೋರಿಸಿ, 2 ಮೆಗ್ (20 ಲಕ್ಷ ಓಮ್) ರೇಂಜಿಗೆ ಬದಲಿಸಿದಾಗ 250ಕೆ ಹತ್ತಿರ ಬಂದರೆ ಕಾಯಿಲ್ ಕಡಿದಿದೆ, ನೀವು ಅಳೆಯುತ್ತಿರುವುದು ಬರೀ ಪಾಟ್. ಸೊನ್ನೆ ಬಂದರೆ ಶಾರ್ಟ್; ಮೊದಲು ಜಾಕ್ ನೋಡಿ, ತಪ್ಪು ಬಹುತೇಕ ಅಲ್ಲೇ ಇರುತ್ತದೆ. ಫೆಂಡರ್ ಸಿಂಗಲ್ ಕಾಯಿಲ್ ಸಾಮಾನ್ಯವಾಗಿ 5.5ರಿಂದ 6.5ಕೆ. ರೀವೈಂಡ್ ಆದ, ಅಂದರೆ ಕಾಯಿಲ್ ಮತ್ತೆ ಸುತ್ತಿಸಿದ ಪಿಕಪ್ ಎಷ್ಟು ಬೇಕಾದರೂ ತೋರಿಸಬಹುದು, ಆದ್ದರಿಂದ ಬರೀ ಇದೊಂದರ ಮೇಲೆ ತೀರ್ಮಾನ ಬೇಡ.

ಇತ್ತೀಚೆಗೆ ನೋಡಿದ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬ್ರಷ್‌ನಲ್ಲಿ ಬಳಿದ ಕೆಂಪು ಎನಾಮಲ್, ಹೆಸರಿಲ್ಲ. ಬ್ರಿಡ್ಜ್ ಎತ್ತಿದರೆ ಕೆಳಗೆ ಮೂಲ ಸನ್‌ಬರ್ಸ್ಟ್ (ಅಂಚಿಗೆ ಗಾಢವಾಗುವ ಬಣ್ಣ) ಹಾಗೇ ಇದೆ. ಹೆಡ್‌ಸ್ಟಾಕ್‌ನಲ್ಲಿ ಒಂದು ಪಕ್ಕ ನಾಲ್ಕು ಕೀ, ಇನ್ನೊಂದು ಪಕ್ಕ ಎರಡು. ಮಧ್ಯದಲ್ಲಿ ಪುಟ್ಟಿ ತುಂಬಿದ ಎರಡು ಸಣ್ಣ ತೂತು, ಅಂದರೆ ಅಲ್ಲಿ ಲೋಹದ ಬ್ಯಾಡ್ಜ್ ಇತ್ತು. ಬಾಡಿಗೆ ಗೀರು ಬೀಳದಂತೆ ಹಾಕುವ ಪಿಕ್‌ಗಾರ್ಡ್ ಪಟ್ಟೆಯ ಲೋಹದ ಹಾಳೆ, ಪಿಕಪ್ ಮುಚ್ಚಳದ ಕಿಂಡಿಯಲ್ಲಿ ಬಂಗಾರದ ಬಣ್ಣದ ಹಾಳೆ. ನೆಕ್ ಪ್ಲೇಟ್ ಮೇಲೆ ‘ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್, ಜಪಾನ್’. ಈ ಪ್ಲೇಟ್ ಒಂದೇ ಆಗಿದ್ದರೆ ಸಾಲದು, ಬೇರೆ ಜಪಾನಿ ಗಿಟಾರುಗಳಲ್ಲೂ ಅದಿದೆ. ಎಲ್ಲ ಸೇರಿದಾಗ ಟೇಸ್ಕೋ, 1960ರ ದಶಕದ ಮಧ್ಯಭಾಗ ಎನ್ನಬಹುದು. 1967ರಲ್ಲಿ ಟೇಸ್ಕೋವನ್ನು ಕವಾಯ್ ಕೊಂಡಿತು, ಹಾಗಾಗಿ ಆ ಸುಮಾರಿನ ಗಿಟಾರ್ ಸಿಕ್ಕರೆ ‘ಟೇಸ್ಕೋ ಅಥವಾ ಕವಾಯ್’ ಎಂದೇ ನಾನು ಬರೆಯುವುದು. ಮಾಡೆಲ್ ನಂಬರ್ ಬೇಕೆಂದು ಹಠ ಹಿಡಿದರೆ, ಪಿಕಪ್ ಎಷ್ಟು, ಸ್ವಿಚ್ ಎಷ್ಟು, ಟ್ರೆಮೊಲೊ (ಶ್ರುತಿ ಅಲುಗಿಸುವ ಸಲಾಕೆ) ಉಂಟೋ ಇಲ್ಲವೋ ಎಂದು ಹಳೆ ಕ್ಯಾಟಲಾಗ್ ಚಿತ್ರಗಳ ಜೊತೆ ಒಂದೊಂದಾಗಿ ತಾಳೆ ನೋಡಬೇಕು.

ಮರದ ವಿಷಯದಲ್ಲಿ ಮೈಸೂರಿನವರಿಗೆ ಒಂದು ಅನುಕೂಲ. ಫ್ರೆಟ್ ಕೂರಿಸಿದ ಹಲಗೆ, ಅಂದರೆ ಫಿಂಗರ್‌ಬೋರ್ಡ್ ಬೀಟೆಯೋ ಬಣ್ಣ ಹಾಕಿದ ಬೇರೆ ಮರವೋ ಎಂದು ಅನುಮಾನ ಬಂದರೆ ಮಂಡಿ ಮೊಹಲ್ಲಾದ ಇನ್‌ಲೇ ಕೆಲಸದವರಿಗೆ ತೋರಿಸಿ. ಬೀಟೆಯ ಎಳೆ ಅವರಿಗೆ ಕಣ್ಣಳತೆಯಲ್ಲೇ ಗೊತ್ತು. ಮನೆಯಲ್ಲೇ ನೋಡುವುದಾದರೆ ಕೊನೆಯ ಫ್ರೆಟ್‌ನ ಆಚೆ, ಕಾಣದ ಮೂಲೆಯಲ್ಲಿ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ. ಹತ್ತಿ ಕಪ್ಪಾದರೆ ಬಣ್ಣ ಹಾಕಿದ ಮರ ಇರಬಹುದು. ಆದರೆ ಬೀಟೆಯೂ ಸ್ವಲ್ಪ ನೇರಳೆ ಕಂದು ಬಿಡುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ.

ಮೇಲಿನ ಎನಾಮಲ್ ಅನ್ನು ಪೇಂಟ್ ರಿಮೂವರ್ ಹಾಕಿ ತೆಗೆಯಲು ಹೋಗಬೇಡಿ, ಕೆಳಗಿನ ಮೂಲ ಬಣ್ಣವೂ ಅದರ ಜೊತೆಗೇ ಎದ್ದುಬರುತ್ತದೆ. ಬಾಡಿಯಲ್ಲಿ ಸೂಜಿ ತೂತುಗಳಿದ್ದು ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ನುಸಿ ಹಿಡಿದಿದೆ. ಅಗ್ಗದ ಗಿಟಾರುಗಳ ಲುವಾನ್ ಮರಕ್ಕೆ ಅದು ಬೇಗ ಹತ್ತುತ್ತದೆ. ಅಂಥದ್ದನ್ನು ಉಪಚಾರ ಮಾಡುವವರೆಗೆ ಬೇರೆ ವಾದ್ಯಗಳ ಪಕ್ಕ ಇಡಬೇಡಿ.

ಗಿಟಾರ್ ವಾಪಸು ಕೊಡುವಾಗ ನಾನೊಂದು ಚೀಟಿ ಬರೆಯುತ್ತೇನೆ: ಸ್ಕೇಲ್, ಎರಡೂ ಪಿಕಪ್‌ಗಳ ಅಳತೆ, ಯಾವುದು ಮೂಲದ್ದು, ಯಾವುದು ಬದಲಾಗಿದ್ದು. ತೆಗೆದ ಹಳೆ ಪಾಟ್, ತುಕ್ಕು ಹಿಡಿದ ತಿರುಪುಗಳನ್ನು ಎಸೆಯದೆ ಪೊಟ್ಟಣ ಕಟ್ಟಿ ಅದರ ಜೊತೆಗೇ ಕೊಡುತ್ತೇನೆ.